ಮೊಬೈಲ್ ನಂಬರೇ ಬೀಗದ ಕೈಯಾದಾಗ: ಮನೆಯ ವೈ-ಫೈ ಭದ್ರತೆಯ ಒಳಹೊರಗು

ಮನೆಗೆ ಹೊಸದಾಗಿ ಫೈಬರ್ ಸಂಪರ್ಕ ಕೊಡಲು ಬರುವ ಹುಡುಗ ಗೋಡೆಗೆ ಪೆಟ್ಟಿಗೆ ಜಡಿದು, ಕೇಬಲ್ ಜೋಡಿಸಿ, ದೀಪಗಳೆಲ್ಲ ಹಸಿರಾದ ಮೇಲೆ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಪಾಸ್‌ವರ್ಡ್ ಏನಿಡಲಿ ಸರ್?" ಆ ಪ್ರಶ್ನೆಗೆ ಮೊದಲೇ ಉತ್ತರ ಯೋಚಿಸಿಟ್ಟುಕೊಂಡವರು ಅಪರೂಪ. "ನನ್ನ ಮೊಬೈಲ್ ನಂಬರೇ ಇಟ್ಬಿಡಪ್ಪ, ಮನೇಲಿ ಎಲ್ಲರಿಗೂ ಗೊತ್ತಿರುತ್ತೆ" ಎಂದು ಯಜಮಾನರು ಹೇಳುತ್ತಾರೆ, ಹುಡುಗ ಮುಂದಿನ ಮನೆಗೆ ಹೊರಡುತ್ತಾನೆ. ಆ ನಂಬರು ಹಾಲಿನವನಿಗೂ, ಗ್ಯಾಸ್ ಏಜೆನ್ಸಿಗೂ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇಟ್ಟಿರುವ ಪುಸ್ತಕಕ್ಕೂ, ಕಳೆದ ವರ್ಷದ ಮದುವೆ ಕರೆಯೋಲೆಗೂ ಗೊತ್ತಿರುವಂಥದ್ದು. ಆದರೆ ಇದರ ನಿಜವಾದ ದೌರ್ಬಲ್ಯ ಅದಲ್ಲ. ನಿಮ್ಮ ನಂಬರು ಗೊತ್ತೇ ಇಲ್ಲದ ಅಪರಿಚಿತನಿಗೂ ಈ ಬೀಗ ತೆರೆಯಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದು ಹೇಗೆಂದು ತಿಳಿಯದೆ ಮನೆಯ ವೈ-ಫೈ ಭದ್ರತೆಯ ಬಗ್ಗೆ ಮಾತನಾಡುವುದರಲ್ಲಿ ಅರ್ಥವಿಲ್ಲ.

ಇಂದು ನಮ್ಮ ಮನೆಗಳಲ್ಲಿರುವ ಬಹುಪಾಲು ರೌಟರ್‌ಗಳು ಡಬ್ಲ್ಯುಪಿಎ2 ಎಂಬ ಭದ್ರತಾ ಪದ್ಧತಿಯಲ್ಲಿ ಕೆಲಸ ಮಾಡುತ್ತವೆ. ಈ ಪದ್ಧತಿಯಲ್ಲಿ ಮೊಬೈಲು ರೌಟರಿಗೆ ಸೇರುವಾಗ ಪಾಸ್‌ವರ್ಡನ್ನು ಗಾಳಿಯಲ್ಲಿ ಹಾಗೆಯೇ ಕೂಗಿ ಹೇಳುವುದಿಲ್ಲ. ತನಗೆ ಅದು ಗೊತ್ತು ಎಂಬುದನ್ನು ನಾಲ್ಕು ಸಂದೇಶಗಳ ವಿನಿಮಯದಲ್ಲಿ ಗಣಿತದ ಮೂಲಕ ರುಜುವಾತು ಮಾಡುತ್ತದೆ. ಸಮಸ್ಯೆ ಇರುವುದು, ಆ ನಾಲ್ಕು ಸಂದೇಶಗಳನ್ನು ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತ ಯಾರು ಬೇಕಾದರೂ ದಾಖಲಿಸಿಕೊಳ್ಳಬಹುದು ಎಂಬುದರಲ್ಲಿ. ಹೊಸ ಸಾಧನ ಸೇರುವವರೆಗೆ ಅವನು ಕಾಯಬೇಕೆಂದೂ ಇಲ್ಲ. ಹಳೆಯ ರೌಟರ್‌ಗಳಲ್ಲಿ ಒಂದು ಸುಳ್ಳು ಸಂದೇಶ ಕಳುಹಿಸಿ ನಿಮ್ಮ ಮೊಬೈಲಿನ ಸಂಪರ್ಕವನ್ನು ಕ್ಷಣಕಾಲ ತಪ್ಪಿಸಿದರೆ ಅದು ತಾನಾಗಿಯೇ ಮರಳಿ ಸೇರಲು ಯತ್ನಿಸುತ್ತದೆ, ಆಗ ಬೇಕಾದದ್ದು ಸಿಗುತ್ತದೆ. ಹೀಗೆ ಹಿಡಿದದ್ದನ್ನು ಮನೆಗೆ ಒಯ್ದು, ಒಂದೊಂದೇ ಊಹೆಯನ್ನು ಜಾಲದ ಹೆಸರಿನೊಡನೆ ಸೇರಿಸಿ, ನಿಗದಿಯಾದಂತೆ 4,096 ಸುತ್ತು ಲೆಕ್ಕ ಹಾಕಿ, ತಾಳೆ ನೋಡಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಮೂರು ಸಲ ತಪ್ಪು ಮಾಡಿದರೆ ಖಾತೆ ಮುಚ್ಚಿಕೊಳ್ಳುತ್ತದೆ. ಇಲ್ಲಿ ಊಹೆಯ ಆಟ ನಡೆಯುವುದು ನಿಮ್ಮ ರೌಟರಿನ ಎದುರಿನಲ್ಲಲ್ಲ, ಊರಾಚೆಯ ಯಾವುದೋ ಕೋಣೆಯಲ್ಲಿ. ಆದ್ದರಿಂದ ಎಷ್ಟು ಕೋಟಿ ಸಲ ತಪ್ಪಿದರೂ ನಿಮಗೆ ಸುಳಿವು ಹತ್ತುವುದಿಲ್ಲ.

ಈಗ ಲೆಕ್ಕ ನೋಡೋಣ. ಭಾರತದ ಮೊಬೈಲ್ ಸಂಖ್ಯೆಗೆ ಹತ್ತು ಅಂಕಿಗಳು. ಮೊದಲ ಅಂಕಿ 6, 7, 8 ಅಥವಾ 9. ಎಂದರೆ ಸಾಧ್ಯವಿರುವ ಒಟ್ಟು ಸಂಖ್ಯೆಗಳು 400 ಕೋಟಿ. ಗೇಮ್ ಆಡುವವರು ಕೊಳ್ಳುವ ಮೇಲ್ದರ್ಜೆಯ ಒಂದು ಗ್ರಾಫಿಕ್ಸ್ ಕಾರ್ಡ್, ಉದಾಹರಣೆಗೆ ಆರ್‌ಟಿಎಕ್ಸ್ 4090, ಡಬ್ಲ್ಯುಪಿಎ2 ಊಹೆಗಳನ್ನು ಸೆಕೆಂಡಿಗೆ ಸುಮಾರು 25 ಲಕ್ಷದಂತೆ ಪರೀಕ್ಷಿಸಬಲ್ಲದು. 400 ಕೋಟಿಯನ್ನು 25 ಲಕ್ಷದಿಂದ ಭಾಗಿಸಿದರೆ 1,600 ಸೆಕೆಂಡುಗಳು; ಇಪ್ಪತ್ತೇಳು ನಿಮಿಷದೊಳಗೆ ದೇಶದಲ್ಲಿ ಕೊಡಲು ಸಾಧ್ಯವಿರುವ ಮೊಬೈಲ್ ಸಂಖ್ಯೆಗಳೆಲ್ಲ ಮುಗಿದುಹೋಗುತ್ತವೆ. ಇದು ಕಾಗದದ ಮೇಲಿನ ಭಯವೇನಲ್ಲ. 2021ರಲ್ಲಿ ಇಸ್ರೇಲಿನ ಸೈಬರ್‌ಆರ್ಕ್ ಸಂಸ್ಥೆಯ ಸಂಶೋಧಕರೊಬ್ಬರು ಟೆಲ್ ಅವೀವ್ ನಗರದಲ್ಲಿ ಅಡ್ಡಾಡುತ್ತ 5,000 ವೈ-ಫೈ ಜಾಲಗಳಿಂದ ಇಂತಹ ಮಾಹಿತಿಯನ್ನು ಸಂಗ್ರಹಿಸಿ, ಅವುಗಳಲ್ಲಿ ಶೇ. 70ಕ್ಕೂ ಹೆಚ್ಚಿನವುಗಳ ಪಾಸ್‌ವರ್ಡ್ ಕಂಡುಹಿಡಿದರು. ಅವರು ಅದಕ್ಕೆ ಕೈ ಹಾಕಿದ್ದೇ, ಅಲ್ಲಿಯ ಜನ ತಮ್ಮ ಮೊಬೈಲ್ ನಂಬರನ್ನೇ ವೈ-ಫೈಗೆ ಇಟ್ಟುಕೊಳ್ಳುತ್ತಾರೆ ಎಂಬ ಗುಮಾನಿಯಿಂದ, ಗುಮಾನಿ ನಿಜವಾಗಿತ್ತು. ಈ ಚಾಳಿ ನಮ್ಮೊಬ್ಬರದೇ ಅಲ್ಲವೆಂಬುದು ಸಮಾಧಾನವಾದರೆ ಸಮಾಧಾನ.

ಹುಟ್ಟಿದ ದಿನಾಂಕವಾದ ಎಂಟು ಅಂಕಿಗಳಿಗೆ ಅದೇ ಕಾರ್ಡಿನ ಮುಂದೆ 40 ಸೆಕೆಂಡು ಆಯುಷ್ಯ. ಮಗಳ ಹೆಸರಿಗೆ 123 ಸೇರಿಸಿದ್ದು, ಮನೆದೇವರ ಹೆಸರಿಗೆ ಮನೆಯ ನಂಬರು ಅಂಟಿಸಿದ್ದು ಇವೆಲ್ಲ ಊಹೆಗಾರರ ಪಟ್ಟಿಗಳಲ್ಲಿ ಮೊದಲ ಸಾಲಿನಲ್ಲೇ ಬರುತ್ತವೆ. ಇದಕ್ಕೆ ಪ್ರತಿಯಾಗಿ, ಯಾವ ಕ್ರಮವೂ ಇಲ್ಲದೆ ಆರಿಸಿದ ಹನ್ನೆರಡು ಸಣ್ಣಕ್ಷರಗಳ ಪಾಸ್‌ವರ್ಡಿನ ಸಾಧ್ಯತೆಗಳನ್ನೆಲ್ಲ ಮುಗಿಸಲು ಅದೇ ಕಾರ್ಡಿಗೆ ಸಾವಿರದ ಇನ್ನೂರು ವರ್ಷ ಬೇಕು. ಅಂಥದ್ದನ್ನು ನೆನಪಿಡುವುದು ಕಷ್ಟವೆನ್ನುವವರಿಗೆ ಕನ್ನಡವೇ ಒಂದು ಅನುಕೂಲ ಒದಗಿಸುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆಯಿರಿ: ಒನಕೆ, ಜೀರುಂಡೆ, ಮಜ್ಜಿಗೆ, ತಕ್ಕಡಿ, ಮುಗಿಲು ಎಂಬಂತೆ. ಎರಡು ಸಾವಿರ ಪದಗಳ ಬುಟ್ಟಿಯಿಂದ ಕಣ್ಣುಮುಚ್ಚಿ ಐದನ್ನು ಎತ್ತಿದರೂ, ಆ ಬುಟ್ಟಿ ಯಾವುದೆಂದು ತಿಳಿದವನಿಗೇ ನಾಲ್ಕು ನೂರು ವರ್ಷದ ಕೆಲಸ. ಕಣ್ಣುಮುಚ್ಚಿ ಎತ್ತುವುದೇ ಇಲ್ಲಿ ಮುಖ್ಯ. ಗಾದೆಮಾತು, ಹಾಡಿನ ಮೊದಲ ಸಾಲು, ವಚನದ ಅಂಕಿತಗಳು ಐದು ಪದಗಳಿದ್ದರೂ ಒಂದೇ ಪದದಷ್ಟು ದುರ್ಬಲ. ಈ ಲೇಖನದಲ್ಲಿ ಅಚ್ಚಾದ ಐದು ಪದಗಳೂ ಈ ಕ್ಷಣದಿಂದ ಅಷ್ಟೇ.

ಬೀಗದ ತಂತ್ರವೇ ದುರ್ಬಲವಾಗಿದ್ದ ಕಾಲವೂ ಒಂದಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ವೈ-ಫೈ ಜೊತೆಗೇ ಹುಟ್ಟಿದ ವೆಪ್ ಎಂಬ ಪದ್ಧತಿಯ ಗೂಢಲಿಪಿಯಲ್ಲಿ ಮೂಲಭೂತ ದೋಷವಿದೆಯೆಂದು 2001ರಲ್ಲಿಯೇ ಗೂಢಲಿಪಿ ತಜ್ಞರಾದ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ತೋರಿಸಿದರು. 2007ರ ಹೊತ್ತಿಗೆ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಒಂದು ನಿಮಿಷದೊಳಗೆ ಮುರಿದರು. ಅಲ್ಲಿ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಪ್ರಯೋಜನವಿರಲಿಲ್ಲ. 2004ರಲ್ಲಿ ಬಂದ ಡಬ್ಲ್ಯುಪಿಎ2 ಆ ದೋಷವನ್ನು ನಿವಾರಿಸಿತು. ಬೆಲ್ಜಿಯಂನ ಸಂಶೋಧಕ ಮಥಿ ವ್ಯಾನ್‌ಹೂಫ್ 2017ರಲ್ಲಿ ಅದರಲ್ಲೂ ಬಿರುಕೊಂದನ್ನು ತೋರಿಸಿದರಾದರೂ, ಅದನ್ನು ಸಾಫ್ಟ್‌ವೇರ್ ತಿದ್ದುಪಡಿಯಿಂದ ಮುಚ್ಚಲು ಸಾಧ್ಯವಾಯಿತು. 2018ರಲ್ಲಿ ಪ್ರಕಟವಾದ ಡಬ್ಲ್ಯುಪಿಎ3, ಮೇಲೆ ಹೇಳಿದ ಊಹೆಯ ಆಟದ ಬುಡಕ್ಕೇ ಕೊಡಲಿ ಹಾಕಿತು: ಅಲ್ಲಿ ಸಂದೇಶಗಳನ್ನು ದಾಖಲಿಸಿಕೊಂಡು ಹೋದವನಿಗೆ ಏನೂ ಸಿಗುವುದಿಲ್ಲ, ಪ್ರತಿ ಊಹೆಯನ್ನೂ ರೌಟರಿನ ಎದುರಿಗೇ ಬಂದು ಪರೀಕ್ಷಿಸಬೇಕು. ನಿಮ್ಮ ರೌಟರಿನಲ್ಲಿ ಆ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಆದರೆ ಹಳೆಯ ಟಿವಿ, ಅಗ್ಗದ ಕ್ಯಾಮೆರಾಗಳಿಗೆ ಅದು ಅರ್ಥವಾಗದ್ದರಿಂದ ಹೆಚ್ಚಿನ ಮನೆಗಳಲ್ಲಿ ಎರಡನ್ನೂ ಒಪ್ಪುವ ಮಿಶ್ರ ವ್ಯವಸ್ಥೆ ಇರುತ್ತದೆ, ಹಾಗಿರುವಾಗ ಹಳೆಯ ಬಾಗಿಲು ತೆರೆದೇ ಇರುತ್ತದೆ. ಉದ್ದನೆಯ ಪಾಸ್‌ವರ್ಡಿನ ಅಗತ್ಯ ತಪ್ಪುವುದಿಲ್ಲ.

ಒಳ್ಳೆಯ ಪಾಸ್‌ವರ್ಡನ್ನೂ ನಿರರ್ಥಕಗೊಳಿಸುವ ಗುಂಡಿಯೊಂದು ಅನೇಕ ರೌಟರ್‌ಗಳ ಬೆನ್ನಿನ ಮೇಲಿದೆ. ಅದರ ಹೆಸರು ಡಬ್ಲ್ಯುಪಿಎಸ್. ಪಾಸ್‌ವರ್ಡ್ ಬೆರಳಚ್ಚಿಸುವ ಶ್ರಮ ತಪ್ಪಿಸಲೆಂದು ಮಾಡಿದ ಈ ಸೌಲಭ್ಯದಲ್ಲಿ ಗುಂಡಿಯ ಬದಲು ಎಂಟು ಅಂಕಿಯ ಪಿನ್ ಸಂಖ್ಯೆಯಿಂದಲೂ ಒಳಬರಲು ಅವಕಾಶವಿದೆ. ಎಂಟು ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆಗಳು ಎಂದುಕೊಳ್ಳುತ್ತೇವೆ. ಆದರೆ ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಸಾಲದ್ದಕ್ಕೆ ರೌಟರು ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ಪ್ರತ್ಯೇಕವಾಗಿ ಹೇಳಿಬಿಡುತ್ತದೆ. ಆದ್ದರಿಂದ ಮೊದಲರ್ಧಕ್ಕೆ 10,000, ಎರಡನೆಯದಕ್ಕೆ 1,000, ಒಟ್ಟು 11,000 ಯತ್ನಗಳಲ್ಲಿ ಕೆಲಸ ಮುಗಿಯುತ್ತದೆ ಎಂಬುದನ್ನು 2011ರ ಡಿಸೆಂಬರಿನಲ್ಲಿ ಸಂಶೋಧಕ ಸ್ಟೆಫಾನ್ ಫೀಬಾಕ್ ಪ್ರಕಟಿಸಿದರು. ಪಿನ್ ಸಿಕ್ಕರೆ ರೌಟರು ತಾನಾಗಿಯೇ ಪಾಸ್‌ವರ್ಡನ್ನು ಒಪ್ಪಿಸುತ್ತದೆ, ಅದು ಎಷ್ಟೇ ಉದ್ದವಿರಲಿ. ಆಮೇಲೆ ಬಂದ ಮಾದರಿಗಳಲ್ಲಿ ಕೆಲವು ತಪ್ಪು ಯತ್ನಗಳಾದ ಮೇಲೆ ತಡೆಯುವ ಏರ್ಪಾಡಿದೆ. ಆದರೂ ಈ ಸೌಲಭ್ಯವನ್ನು ನಾನು ಕಂಡಲ್ಲೆಲ್ಲ ಆಫ್ ಮಾಡುತ್ತೇನೆ. ಅದರಿಂದ ಉಳಿಯುವ ಶ್ರಮ ತೀರ ಅಲ್ಪ.

ಇದಕ್ಕೆ ವ್ಯತಿರಿಕ್ತವಾಗಿ, ಬಹಳ ಜನ ಕಷ್ಟಪಟ್ಟು ಮಾಡುವ ಎರಡು ಉಪಾಯಗಳಿಂದ ಆಗುವ ಪ್ರಯೋಜನ ಶೂನ್ಯಕ್ಕೆ ಹತ್ತಿರ. ಜಾಲದ ಹೆಸರನ್ನು ಮರೆಮಾಡುವುದು ಮೊದಲನೆಯದು. ಹೆಸರು ಮರೆಮಾಡಿದರೂ ನಿಮ್ಮದೇ ಮೊಬೈಲು ಸೇರುವಾಗ ಅದನ್ನು ಗಾಳಿಯಲ್ಲಿ ಹೇಳಬೇಕಾಗುತ್ತದೆ. ಅಷ್ಟೇ ಅಲ್ಲ, ನೀವು ಪೇಟೆಯಲ್ಲಿರುವಾಗಲೂ ಅದು "ನಮ್ಮನೆ ಜಾಲ ಇಲ್ಲೆಲ್ಲಾದರೂ ಇದೆಯೇ" ಎಂದು ಹೆಸರು ಹಿಡಿದು ಕರೆಯುತ್ತಿರಬಹುದು. ಎರಡನೆಯದು ಮ್ಯಾಕ್ ಸಂಖ್ಯೆಯ, ಎಂದರೆ ಪ್ರತಿ ಸಾಧನವೂ ಜಾಲದಲ್ಲಿ ತೋರಿಸುವ ಗುರುತಿನ ಸಂಖ್ಯೆಯ, ಪಟ್ಟಿ ಮಾಡಿ ಗೊತ್ತಿರುವ ಸಾಧನಗಳಿಗಷ್ಟೇ ಪ್ರವೇಶ ಕೊಡುವುದು. ಆ ಸಂಖ್ಯೆ ಗೂಢಲಿಪಿಯ ಹೊರಗೆ ಬಟ್ಟಬಯಲಾಗಿ ಓಡಾಡುವುದರಿಂದ ಅದನ್ನು ಕದ್ದು ತನ್ನದೆಂದು ತೋರಿಸಿಕೊಳ್ಳುವುದು ಕಂಪ್ಯೂಟರಿಗೆ ಕೊಡುವ ಒಂದು ಆದೇಶದ ಕೆಲಸ. ಇತ್ತೀಚಿನ ಮೊಬೈಲುಗಳು ಜಾಲದಿಂದ ಜಾಲಕ್ಕೆ ಬೇರೆ ಬೇರೆ ಸಂಖ್ಯೆ ಬಳಸುವುದರಿಂದ ಈ ಪಟ್ಟಿಯ ತಂಟೆ ಮನೆಯವರಿಗೇ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಹೆಚ್ಚಿನ ಮನೆಗಳ ವೈ-ಫೈಯಲ್ಲಿ ಬೇಡದವರು ಸೇರಿಕೊಂಡಿರುವುದು ಬೀಗ ಮುರಿದಲ್ಲ, ನಾವೇ ಕೊಟ್ಟ ಬೀಗದ ಕೈಯಿಂದ. ಬಂದವರಿಗೆ ನೀರು ಬೆಲ್ಲ ಕೊಡುತ್ತಿದ್ದ ಕಾಲದಿಂದ ವೈ-ಫೈ ಪಾಸ್‌ವರ್ಡ್ ಕೊಡುವ ಕಾಲಕ್ಕೆ ಬಂದಿದ್ದೇವೆ, ಇಲ್ಲವೆನ್ನುವುದು ಈಗಲೂ ಒರಟುತನವೇ. ನೆಂಟರ ಮಕ್ಕಳು, ಟ್ಯೂಷನ್ನಿಗೆ ಬರುವ ಹುಡುಗರು, ಎಸಿ ರಿಪೇರಿಯವರು, ಎರಡು ವರ್ಷದ ಹಿಂದೆ ಮೇಲಿನ ಮನೆಯಲ್ಲಿದ್ದ ಬಾಡಿಗೆದಾರರು, ಎಲ್ಲರ ಮೊಬೈಲಿನಲ್ಲೂ ಅದು ಉಳಿದಿರುತ್ತದೆ. ಒಬ್ಬರ ಮೊಬೈಲಿನಿಂದ ಇನ್ನೊಬ್ಬರಿಗೆ ಕ್ಯೂಆರ್ ಚಿತ್ರ ತೋರಿಸಿ ದಾಟಿಸುವುದೂ ಈಗ ಸುಲಭ, ನಿಮ್ಮನ್ನು ಕೇಳಬೇಕಾಗಿಲ್ಲ. ಬೆಂಗಳೂರಿನ ವಠಾರದಂಥ ಕಟ್ಟಡಗಳಲ್ಲಿ ಮೇಲಿನ ಮನೆ ಕೆಳಗಿನ ಮನೆಯವರು ಒಂದೇ ಸಂಪರ್ಕ ಹಾಕಿಸಿಕೊಂಡು ಬಿಲ್ಲು ಹಂಚಿಕೊಳ್ಳುವುದೂ ಇದೆ; ಮಲೆನಾಡಿನ ಹೋಂಸ್ಟೇಗಳಲ್ಲಿ ಅತಿಥಿಗಳ ಕೋಣೆಯ ಗೋಡೆಗೆ ಅಂಟಿಸಿದ ಪಾಸ್‌ವರ್ಡೇ ಯಜಮಾನರ ಲೆಕ್ಕಪತ್ರದ ಕಂಪ್ಯೂಟರಿನ ಜಾಲದ ಪಾಸ್‌ವರ್ಡೂ ಆಗಿರುತ್ತದೆ.

ಇದಕ್ಕೆ ಔಷಧ ಒರಟಾಗುವುದಲ್ಲ, ಜಗಲಿಯನ್ನೂ ನಡುಮನೆಯನ್ನೂ ಬೇರೆ ಮಾಡುವುದು. ಅನೇಕ ರೌಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆ ಇರುತ್ತದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾಗಳು ಕಾಣಿಸುವುದಿಲ್ಲ. ಕಾಣಿಸಬಾರದು ಎಂಬುದು ಹೆಚ್ಚು ಸರಿಯಾದ ಮಾತು, ಏಕೆಂದರೆ ಕೆಲವು ಪೆಟ್ಟಿಗೆಗಳಲ್ಲಿ ಎರಡನೆಯ ಹೆಸರು ಸಿಗುತ್ತದೆಯೇ ಹೊರತು ನಡುವೆ ಗೋಡೆ ಇರುವುದಿಲ್ಲ. ಪರೀಕ್ಷಿಸುವುದು ಸುಲಭ: ಗೆಸ್ಟ್ ಜಾಲಕ್ಕೆ ಸೇರಿದ ಮೊಬೈಲಿನಿಂದ ರೌಟರಿನ ಸೆಟ್ಟಿಂಗ್‌ಗಳಿರುವ ಒಳಪುಟದ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ತೆರೆದು ನೋಡಿ. ಲಾಗಿನ್ ಪುಟ ಬಂದರೆ ಗೋಡೆಯನ್ನು ನಂಬಲಾಗದು. ಸ್ಮಾರ್ಟ್ ಬಲ್ಬು, ಟಿವಿ, ಅಗ್ಗದ ಕ್ಯಾಮೆರಾಗಳನ್ನೂ ಗೆಸ್ಟ್ ಜಾಲಕ್ಕೇ ಸೇರಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಯಾವ ಜಾಣತನದಿಂದಲೂ ಅಲ್ಲ, ಕಾರ್ಖಾನೆಯಲ್ಲಿ ಇಟ್ಟ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಪಟ್ಟಿಯಿಂದ.

ಹಾಗಾದರೆ ಒಳಬಂದವನಿಂದ ಆಗುವ ನಷ್ಟವೇನು? ಅವನು ಎರಡು ಸಿನಿಮಾ ನೋಡಿ ನಮ್ಮ ವೇಗ ತಗ್ಗಿಸುತ್ತಾನೆ ಎಂಬುದು ಎಲ್ಲರಿಗೂ ಮೊದಲು ತೋಚುವ ದೂರು, ತೂಕದಲ್ಲಿ ಅತಿ ಹಗುರ. ಬ್ಯಾಂಕಿನ ಗುಟ್ಟೆಲ್ಲ ಓದಿಬಿಡುತ್ತಾನೆಂಬ ಹೆದರಿಕೆಯೂ ಈಗ ಬಹುಮಟ್ಟಿಗೆ ಹಳತು. ಇಂದು ಬಹುತೇಕ ಜಾಲತಾಣಗಳೂ ಆ್ಯಪ್‌ಗಳೂ ತಮ್ಮದೇ ಗೂಢಲಿಪಿಯಲ್ಲಿ ಮಾತಾಡುವುದರಿಂದ ನಡುವೆ ಕಿವಿಗೊಟ್ಟವನಿಗೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಅಲ್ಪಸ್ವಲ್ಪ ತಿಳಿಯಬಹುದಷ್ಟೇ. ನಿಜವಾದ ಭಾರ ಇರುವುದು ಹೆಸರಿನಲ್ಲಿ. ನಿಮ್ಮ ಜಾಲದಿಂದ ಹೊರಟದ್ದೆಲ್ಲವೂ ಸಂಪರ್ಕ ಕೊಟ್ಟ ಕಂಪನಿಯ ದಾಖಲೆಯಲ್ಲಿ ನಿಮ್ಮ ಹೆಸರು, ನಿಮ್ಮ ವಿಳಾಸ, ನೀವು ಕೊಟ್ಟ ಗುರುತಿನ ಚೀಟಿಗೆ ಸೇರುತ್ತದೆ.

ಭಾರತ ಇದನ್ನು ಕಲಿತದ್ದು 2008ರಲ್ಲಿ. ಆ ವರ್ಷದ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸ್ಫೋಟಿಸುವ ಕೆಲವೇ ನಿಮಿಷ ಮೊದಲು ಸುದ್ದಿಮಾಧ್ಯಮಗಳಿಗೆ ಬಂದ ಬೆದರಿಕೆಯ ಇಮೇಲಿನ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈಯ ಅಪಾರ್ಟ್‌ಮೆಂಟೊಂದರಲ್ಲಿ ವಾಸವಿದ್ದ ಅಮೆರಿಕನ್ ಪ್ರಜೆಯ ಮನೆಗೆ. ಆತ ವಿಚಾರಣೆ ಎದುರಿಸಬೇಕಾಯಿತು. ಸರಿಯಾದ ಭದ್ರತೆಯಿಲ್ಲದ ಆತನ ವೈ-ಫೈಯನ್ನು ಹೊರಗಿನವರು ಬಳಸಿಕೊಂಡಿದ್ದರು. ಮುಂದಿನ ಎರಡು ತಿಂಗಳೊಳಗೆ ಇಂತಹವೇ ಇಮೇಲುಗಳು ಮುಂಬೈಯ ಮಾಟುಂಗದ ಕಾಲೇಜೊಂದರ ಮತ್ತು ಚೆಂಬೂರಿನ ಖಾಸಗಿ ಕಂಪನಿಯೊಂದರ ವೈ-ಫೈಯಿಂದ ಹೊರಟವು. 2009ರ ಆರಂಭದಲ್ಲಿ ಮುಂಬೈ ಪೊಲೀಸರು ಬೀದಿ ಬೀದಿ ಸುತ್ತಿ ಬೀಗವಿಲ್ಲದ ವೈ-ಫೈಗಳನ್ನು ಹುಡುಕುವಷ್ಟು, ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸುವಷ್ಟು ವಿಷಯ ಗಂಭೀರವಾಯಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೆಯ ಕಲಮುಗಳಂತೆ ಯಜಮಾನನ ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲಕ್ಕೆ ದುರುದ್ದೇಶದಿಂದ ಪ್ರವೇಶಿಸಿದವನಿಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾಯ್ದೆ ನಮ್ಮ ಪರವಾಗಿಯೇ ಇದೆ. ಆದರೆ ಒಳನುಗ್ಗಿದವನೊಬ್ಬನಿದ್ದ ಎಂಬುದನ್ನು ತೋರಿಸಲು ಬೇಕಾದ ದಾಖಲೆ ಮನೆಯ ರೌಟರಿನಲ್ಲಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಕರೆಂಟು ಹೋಗಿ ಬಂದರೆ ಎಷ್ಟೋ ಮಾದರಿಗಳಲ್ಲಿ ಅದು ಅಳಿಸಿಹೋಗಿರುತ್ತದೆ. ಬಿಲ್ಲು ಹಂಚಿಕೊಳ್ಳುವ ನೆರೆಮನೆಯವರ ವಿಷಯದಲ್ಲಂತೂ ಅನುಮತಿಯಿಲ್ಲದ ಪ್ರವೇಶವೆಂದು ಹೇಳಲೂ ಬರುವುದಿಲ್ಲ. ಬಿಲ್ಲಿನ ಅರ್ಧ ಅವರದು, ಹೆಸರು ಮಾತ್ರ ಪೂರ್ತಿ ನಿಮ್ಮದು.

ವೈ-ಫೈ ಪಾಸ್‌ವರ್ಡ್ ಬೇರೆ, ರೌಟರಿನ ಸೆಟ್ಟಿಂಗ್‌ಗಳನ್ನು ಬದಲಿಸುವ ಅಡ್ಮಿನ್ ಪಾಸ್‌ವರ್ಡ್ ಬೇರೆ. ಎರಡನೆಯದು ಎಷ್ಟೋ ಮನೆಗಳಲ್ಲಿ ಇಂದಿಗೂ 'ಅಡ್ಮಿನ್' ಎಂದೇ ಇರುತ್ತದೆ, ಅಥವಾ ಸಂಪರ್ಕ ಕೊಟ್ಟವರು ಇಡೀ ಬಡಾವಣೆಗೆ ಒಂದೇ ಇಟ್ಟಿರುತ್ತಾರೆ. ಇದು ಕೈತಪ್ಪಿದರೆ ತಾಣದ ಹೆಸರು ಹೇಳಿದರೆ ಅದಿರುವ ಜಾಗ ಹುಡುಕಿಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆಯ ವಿಳಾಸವನ್ನು ರೌಟರಿನಲ್ಲಿ ಬದಲಿಸಲು ಸಾಧ್ಯ, ಎಂದರೆ ನೀವು ಸರಿಯಾದ ಹೆಸರನ್ನೇ ಬೆರಳಚ್ಚಿಸಿದರೂ ತಪ್ಪು ಊರಿಗೆ ಕರೆದೊಯ್ಯುವ ಕೈಮರ ನೆಡಬಹುದು. ಬ್ರೆಜಿಲ್‌ನಲ್ಲಿ 2011ರ ಸುಮಾರಿಗೆ ಹೀಗೆ ಸುಮಾರು 45 ಲಕ್ಷ ಮೋಡೆಮ್‌ಗಳ ಸೆಟ್ಟಿಂಗ್ ಬದಲಿಸಿ ಜನರನ್ನು ನಕಲಿ ತಾಣಗಳಿಗೆ ಒಯ್ದಿದ್ದರು. ಸಂಪರ್ಕ ಹಾಕಿದ ದಿನವೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ನಿರ್ವಹಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆಯ್ಕೆಯನ್ನು ಆಫ್ ಮಾಡಿ, ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಅಡಿಗೆ ಅಂಟಿಸಿದರೂ ತಪ್ಪಿಲ್ಲ. ಮನೆಯೊಳಗೆ ಬಂದು ರೌಟರನ್ನು ತಲೆಕೆಳಗು ಮಾಡಿ ನೋಡುವ ಕಳ್ಳನ ಆಸಕ್ತಿ ಬೇರೆ ಸಾಮಾನುಗಳಲ್ಲಿರುತ್ತದೆ. ಕಂಪನಿಯೇ ನಿಯಂತ್ರಿಸುವ ಪೆಟ್ಟಿಗೆಗಳಲ್ಲಿ ಈ ಸೆಟ್ಟಿಂಗ್‌ಗಳು ಗ್ರಾಹಕರಿಗೆ ತೆರೆಯದೆ ಹೋಗಬಹುದು. ಆಗ ಅದರ ಹಿಂದೆ ನಮ್ಮದೇ ರೌಟರೊಂದನ್ನು ಜೋಡಿಸಿ, ಕಂಪನಿಯ ಪೆಟ್ಟಿಗೆಯ ವೈ-ಫೈಯನ್ನು ಆಫ್ ಮಾಡಿಬಿಡುವುದು ಲೇಸು. ಫರ್ಮ್‌ವೇರ್, ಎಂದರೆ ಒಳಗಿನ ಸಾಫ್ಟ್‌ವೇರ್, ತಿದ್ದುಪಡಿ ನಿಂತುಹೋದ ಹಳೆಯ ರೌಟರನ್ನು ದೀಪ ಉರಿಯುತ್ತಿದೆ ಎಂಬ ಒಂದೇ ಕಾರಣಕ್ಕೆ ಇಟ್ಟುಕೊಳ್ಳಬಾರದು. 2018ರ ಮೇ ತಿಂಗಳಲ್ಲಿ ಬಯಲಾದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳ ಸುಮಾರು ಐದು ಲಕ್ಷ ಸಾಧನಗಳಲ್ಲಿ, ಹೆಚ್ಚಾಗಿ ಮನೆ ಮತ್ತು ಸಣ್ಣ ಕಚೇರಿಗಳ ರೌಟರ್‌ಗಳಲ್ಲಿ, ಸದ್ದಿಲ್ಲದೆ ಕುಳಿತಿತ್ತು.

ಯಾರು ಸೇರಿದ್ದಾರೆಂದು ನೋಡಲು ರೌಟರಿನ ಒಳಪುಟದಲ್ಲಿ ಸಾಧನಗಳ ಪಟ್ಟಿ ಇದೆ. ಆದರೆ ಅದನ್ನು ಓದುವುದು ಹೇಳಿದಷ್ಟು ಸುಲಭವಲ್ಲ. ನಮ್ಮ ಮನೆಯ ಪಟ್ಟಿಯಲ್ಲಿ ಅರ್ಥವಾಗದ ಹೆಸರೊಂದನ್ನು ಕಂಡು ಒಂದು ಸಂಜೆಯೆಲ್ಲ ನೆರೆಮನೆಯ ಹುಡುಗನ ಮೇಲೆ ಅನುಮಾನಪಟ್ಟಿದ್ದೆ. ಕೊನೆಗೆ ಅದು ನಾವೇ ಸಂಪಿನ ಮೋಟಾರಿಗೆ ಹಾಕಿಸಿದ್ದ ವೈ-ಫೈ ಸ್ವಿಚ್ಚು ಎಂದು ತಿಳಿಯಿತು. ಮನೆಯ ಸಾಧನಗಳನ್ನು ಒಂದೊಂದಾಗಿ ಆರಿಸುತ್ತ ಪಟ್ಟಿಯಲ್ಲಿ ಯಾವುದು ಮರೆಯಾಗುತ್ತದೆಂದು ಗುರುತು ಹಾಕಿಕೊಳ್ಳುವುದೇ ನಂಬಬಹುದಾದ ದಾರಿ. ಎಲ್ಲ ಆರಿದ ಮೇಲೂ ಉಳಿದದ್ದು ಯಾವುದೋ, ಅದು ಹೊರಗಿನದು. ಅದನ್ನೊಂದನ್ನೇ ತಡೆಯಲು ಹೋಗದೆ ಪಾಸ್‌ವರ್ಡನ್ನೇ ಬದಲಿಸಬೇಕು. ಒಂದು ಬಾಗಿಲು ಮುಚ್ಚಿದರೆ ಅವನು ಇನ್ನೊಂದು ಮ್ಯಾಕ್ ಸಂಖ್ಯೆ ತೊಟ್ಟು ಬರುತ್ತಾನೆ.

ಪಾಸ್‌ವರ್ಡ್ ಬದಲಿಸಿದರೆ ಕ್ಯಾಮೆರಾ, ಟಿವಿ, ಮೋಟಾರಿನ ಸ್ವಿಚ್ಚುಗಳನ್ನೆಲ್ಲ ಮತ್ತೆ ಸೇರಿಸಲು ಅರ್ಧ ದಿನ ಹಿಡಿಯುತ್ತದೆ, ಜನ ವರ್ಷಗಟ್ಟಲೆ ಅದರ ಗೊಡವೆಗೆ ಹೋಗದಿರುವುದಕ್ಕೆ ಕಾರಣವೂ ಅದೇ. ಹಾಗಾಗಿ ಆ ಕೆಲಸವನ್ನು ಹೇಗೂ ಬದಲಾವಣೆಯಾಗುವ ಸಂದರ್ಭಗಳಿಗೆ ಗಂಟುಹಾಕಿಕೊಳ್ಳುವುದು ಉತ್ತಮ: ಬಾಡಿಗೆದಾರರು ಬಿಟ್ಟುಹೋದಾಗ, ಮನೆಯಲ್ಲಿ ಮದುವೆ ಮುಂಜಿ ಮುಗಿದಾಗ, ಪೇಯಿಂಗ್ ಗೆಸ್ಟ್ ಕೋಣೆ ಕೈಬದಲಾದಾಗ. ನಾವೇ ಮನೆ ಖಾಲಿ ಮಾಡುವಾಗಲೂ ಒಂದು ನಿಮಿಷದ ಕೆಲಸವಿದೆ. ಕಂಪನಿಗೆ ಹಿಂದಿರುಗಿಸುವ ಅಥವಾ ಮುಂದಿನವರಿಗೆ ಬಿಟ್ಟುಹೋಗುವ ರೌಟರಿನ ಬೆನ್ನಲ್ಲಿ ಸೂಜಿ ತೂರುವಷ್ಟು ಸಣ್ಣ ರಂಧ್ರವಿರುತ್ತದೆ. ದೀಪಗಳೆಲ್ಲ ಒಮ್ಮೆ ಆರಿ ಹತ್ತುವವರೆಗೆ ಅದರೊಳಗಿನ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿದರೆ ನಮ್ಮ ಜಾಲದ ಹೆಸರು, ಪಾಸ್‌ವರ್ಡ್, ಸಂಪರ್ಕದ ಖಾತೆಯ ವಿವರ ಎಲ್ಲವೂ ಅಳಿಯುತ್ತವೆ. ಸಂಪರ್ಕವನ್ನು ರದ್ದು ಮಾಡಿಸದೆ ಹೋದರೆ ಮಾತ್ರ, ಪೆಟ್ಟಿಗೆ ಖಾಲಿಯಾದರೂ ಆ ಮನೆಯ ಇಂಟರ್ನೆಟ್ಟು ಬಿಲ್ಲಿನ ಗಡುವು ಮುಗಿಯುವವರೆಗೆ ನಿಮ್ಮ ಹೆಸರಿನಲ್ಲೇ ಹರಿಯುತ್ತಿರಬಹುದು.